ಗೀಜಗನ ನೆಯ್ಗೆ, ಚಪ್ಪಲಿಯ ಹೆಣಿಗೆ

ಕೃಷ್ಣೆಯ ಸೀಮೆಯ ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ಕಬ್ಬಿನ ಹೊಲಗಳ ನಡುವೆ, ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗಳಿಂದ ಗೀಜಗನ ಗೂಡುಗಳು ಜೋತಾಡುತ್ತಿರುತ್ತವೆ. ಅದೇ ಸೀಮೆಯ ಅಥಣಿ, ನಿಪ್ಪಾಣಿಗಳಲ್ಲಿ ಕುಶಲಕರ್ಮಿಗಳು ತೊಗಲಿನ ಎಳೆಗಳನ್ನು ಹೆಣೆದು ಕೊಲ್ಹಾಪುರಿ ಚಪ್ಪಲಿಗಳನ್ನು ಮಾಡುತ್ತಾರೆ. ಎರಡನ್ನೂ ಕಂಡವರು "ಇದು ರಕ್ತದಲ್ಲಿಯೇ ಬಂದ ವಿದ್ಯೆ" ಎನ್ನುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸೋಣ.

ತಂದೆತಾಯಿಗಳಿಂದ ಅಂಡಾಣು-ವೀರ್ಯಾಣುಗಳ ಮೂಲಕ ಸಂತಾನಕ್ಕೆ ಬರುವ ಗುಣಗಳು ಆನುವಂಶಿಕ. ಹುಟ್ಟಿದ ಮೇಲೆ ಅನುಭವದಿಂದ ಬರುವವು ಆರ್ಜಿತ. ಖಿಲಾರಿ ಎತ್ತಿನ ಬಿಳಿಯ ಮೈ, ಹಿಂದಕ್ಕೆ ಬಾಗಿ ಮೇಲೇರುವ ಕೋಡು ಮೊದಲನೆಯ ಬಗೆ. ನೊಗಕ್ಕೆ ಕೊರಳೊಡ್ಡಿ ಒಕ್ಕಲಿಗನ ಕೂಗಿಗೆ ತಿರುಗುವುದು ಎರಡನೆಯದು. ಎಷ್ಟು ತಲೆಮಾರು ಕಿವಿ ಚುಚ್ಚಿಸಿದರೂ ನಮ್ಮ ಕೂಸುಗಳು ಚುಚ್ಚದ ಕಿವಿಯಿಂದಲೇ ಹುಟ್ಟುತ್ತವಲ್ಲವೆ!

ಇವೆರಡನ್ನು ಬೇರ್ಪಡಿಸಿ ನೋಡುವುದು ಹೇಗೆ? ಭೌತಶಾಸ್ತ್ರದಲ್ಲಿ ನಾವು ಒಂದು ಕಾರಣವನ್ನು ಹಾಗೆಯೇ ಇರಿಸಿ, ಇನ್ನೊಂದನ್ನು ಬದಲಾಯಿಸಿ ಪರೀಕ್ಷಿಸುತ್ತೇವೆ. ನಿಸರ್ಗವು ಕೋಗಿಲೆಯಲ್ಲಿ ಇಂಥದೇ ಪ್ರಯೋಗವನ್ನು ನಡೆಸಿದೆ. ತತ್ತಿ ಕೋಗಿಲೆಯದು, ಸಾಕಣೆ ಕಾಗೆಯದು. ಆದರೂ ಬೆಳೆದ ಗಂಡು ಕೋಗಿಲೆ 'ಕುಹೂ' ಎನ್ನುವುದೇ ಹೊರತು 'ಕಾ' ಎನ್ನದು. ಆ ಕೂಗು ವಂಶದ ಕೊಡುಗೆ. ಮನುಷ್ಯನ ಮಾತು ಹಾಗಲ್ಲ. ಚಿಕ್ಕೋಡಿ, ನಿಪ್ಪಾಣಿಗಳ ಎಷ್ಟೋ ಕೂಸುಗಳು ಮನೆಯಲ್ಲಿ ಕನ್ನಡವನ್ನೂ ಓಣಿಯಲ್ಲಿ ಮರಾಠಿಯನ್ನೂ ಕಲಿಯುತ್ತವೆ. ಕಲಿಯಬಲ್ಲ ಮಿದುಳು ಆನುವಂಶಿಕ, ಕಲಿತ ಭಾಷೆ ಆರ್ಜಿತ.

ಗೀಜಗನ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಕೊಲಿಯಾಸ್ ದಂಪತಿಗಳು ಇದರ ಬಂಧುವಾದ ಆಫ್ರಿಕದ ಒಂದು ನೇಕಾರ ಹಕ್ಕಿಯನ್ನು ಸಾಕಿ, ತಮ್ಮ ಪ್ರಯೋಗದ ಫಲವನ್ನು 1964ರಲ್ಲಿ ಪ್ರಕಟಿಸಿದರು. ಹಸುರು ಎಳೆಗಳು ಸಿಗದಂತೆ ಬೆಳೆಸಿದ ಗಂಡುಮರಿಗಳು, ದೊಡ್ಡವಾದ ಮೇಲೆ ಎಳೆಗಳನ್ನು ಕೊಟ್ಟಾಗ ಮೊದಮೊದಲು ನೆಯ್ಯಲಾರದೆ ಹೋದವು, ಅಭ್ಯಾಸವಾದಂತೆ ಕೈ ಕುದುರಿತು (ಕೊಕ್ಕು ಕುದುರಿತು ಎನ್ನಬೇಕೇನೋ!). ನೆಯ್ಯುವ ಪ್ರವೃತ್ತಿ ಹುಟ್ಟಿನಿಂದ, ನೈಪುಣ್ಯ ಅಭ್ಯಾಸದಿಂದ.

ಹಕ್ಕಿಗೇ ಅಭ್ಯಾಸ ಬೇಕೆಂದಮೇಲೆ ಚಪ್ಪಲಿಯ ಮಾತೇನು? ಅದನ್ನು ಹೆಣೆಯುವ ಪ್ರವೃತ್ತಿ ಯಾವ ಕೂಸಿನಲ್ಲಿಯೂ ಹುಟ್ಟಿನಿಂದ ಇರದು. ಕಸುಬನ್ನು ಹೊತ್ತು ತರುವ ಜೀನನ್ನು ಯಾವ ಪ್ರಯೋಗಶಾಲೆಯೂ ಕಂಡಿಲ್ಲ. ತೊಗಲನ್ನು ಹದಮಾಡುವುದು, ಅಟ್ಟೆ ಕತ್ತರಿಸುವುದು, ಬಾರು ಹೆಣೆಯುವುದು, ಇವೆಲ್ಲ ಹಿರಿಯರ ಮಗ್ಗುಲಲ್ಲಿ ಕುಳಿತು ವರ್ಷಗಟ್ಟಲೆ ಕಲಿತವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಪಾಲು ಪಡೆದವು. ಅದು ಕಲಿತ ಕೌಶಲಕ್ಕೆ ಸಂದ ಮಾನ್ಯತೆ. "ರಕ್ತದಲ್ಲಿ ಬಂದದ್ದು" ಎನ್ನುವವರು ಕಸುಬುದಾರನ ದುಡಿಮೆಯನ್ನು ಮರೆಯುತ್ತಾರೆ. ಅಷ್ಟೇ ಅಲ್ಲ, ನಾಳೆ ಆತನ ಮಗಳು ಗಣಿತ ಕಲಿಯಬಯಸಿದರೆ "ಅದು ನಿಮ್ಮ ರಕ್ತದಲ್ಲಿಲ್ಲ" ಎನ್ನಲೂ ಹಿಂಜರಿಯರು.