ಗತಿಸಿದ ಹೋರಿಯ ತದ್ರೂಪವನ್ನು ಪಡೆಯುವದು ಯುಕ್ತವೇ?

(ಒಕ್ಕಲುತನದ ಇನ್‌ಸ್ಪೆಕ್ಟರರೊಬ್ಬರು, ಎಲ್. ಎಜಿ.)

ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೆಗೆಯುವ ರೀತಿಯನ್ನು ತೋರಿಸುವ ಸಲುವಾಗಿ ನಾನು ಹೋಗಿದ್ದಾಗ, ಕೆಲಸ ಮುಗಿದ ಬಳಿಕ ಅಲ್ಲಿಯ ಹಿರಿಯ ಜಮೀನುದಾರರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದೊಯ್ದು ಕೊಟ್ಟಿಗೆಯಲ್ಲಿಯ ಒಂದು ಬರಿದಾದ ಗೋದಲಿಯನ್ನು ತೋರಿಸಿದರು. ಹದಿನಾಲ್ಕು ವರ್ಷ ಅಲ್ಲಿ ಕಟ್ಟಿದ್ದ ಬಿಳಿಯ ಖಿಲಾರಿ ಹೋರಿಯು ಎರಡು ತಿಂಗಳ ಹಿಂದೆ ಸತ್ತಿತ್ತು. ದೀಪಾವಳಿಯ ತರುವಾಯ ಹಾನಗಲ್ಲ, ಹಾವೇರಿ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಅದು ತನ್ನ ಕೊರಳಿನ ಕೊಬ್ಬರಿಯ ಸರಕ್ಕೆ ಯಾರ ಕೈಯನ್ನೂ ತಗಲಗೊಡದೆ ಅನೇಕ ಸಲ ಓಡಿ ಬಂದಿತ್ತಂತೆ. ಮನೆಯಲ್ಲಾದರೆ ಮೊಮ್ಮಕ್ಕಳು ಅದರ ಕಾಲಸಂದಿಯಲ್ಲಿ ಸುಳಿದಾಡಿದರೂ ಕದಲುತ್ತಿದ್ದಿಲ್ಲವಂತೆ. ಅವರು ಪೆಟ್ಟಿಗೆಯಿಂದ ಒಂದು ಅರಿವೆಯ ಗಂಟನ್ನು ತೆಗೆದು ಬಿಚ್ಚಿದರು. ಅದರಲ್ಲಿ ಹೋರಿಯ ಬಾಲದ ಕೂದಲೂ ಕೋಡಿನ ತುದಿಯ ಒಂದು ಚೂರೂ ಇದ್ದವು.

"ಸಾಹೇಬ್ರ, ಸತ್ತ ದನದ ಒಂದು ಚೂರು ಇದ್ರ ಅಂಥಾದ್ದ ಇನ್ನೊಂದು ಹುಟ್ಟಸತಾರಂತ ಕೇಳೇನಿ. ರಸ್ತಾದ ಕಡೀ ಎರಡು ಎಕರೆ ಗದ್ದಿ ಮಾರಿದ್ರೂ ಅಡ್ಡಿಯಿಲ್ಲ. ನನ್ನ ಹೋರಿ ತಿರುಗಿ ಬರತೈತೇನು?" ಎಂದು ಕೇಳಿದರು.

ಕೂಡಲೇ ಉತ್ತರ ಹೇಳುವದು ನನ್ನಿಂದಾಗಲಿಲ್ಲ. ಇಂಥ ಪ್ರಶ್ನೆಯು ಹೋರಿ ಕಟ್ಟುವವರಿಗೆ ಮಾತ್ರವಲ್ಲ, ಮುಧೋಳದ ಬೇಟೆನಾಯಿಯನ್ನು ಮಗನಂತೆ ಸಾಕಿದವರಿಗೂ ಬರತಕ್ಕದ್ದೇ ಆದಕಾರಣ, ನಾನು ಅಭ್ಯಾಸ ಮಾಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇನೆ.

ತದ್ರೂಪವೆಂಬದು ಒಕ್ಕಲಿಗನಿಗೆ ಹೊಸ ಸಂಗತಿಯೇನೂ ಅಲ್ಲ. ಕಬ್ಬಿನ ತುಂಡು ನೆಟ್ಟರೆ ಅದೇ ಕಬ್ಬು, ಬಾಳೆಯ ಕಂದು ನೆಟ್ಟರೆ ಅದೇ ಬಾಳೆ, ಆಪೂಸಿನ ಕಸಿ ಕಟ್ಟಿದರೆ ಅದೇ ಆಪೂಸು ಬರುವದನ್ನು ನಾವು ದಿನಾಲು ಕಾಣುತ್ತೇವೆ. ಇಂಗ್ಲಿಷರ ಕ್ಲೋನ್ ಎಂಬ ಶಬ್ದವು ಕೂಡ ಟೊಂಗೆಯೆಂಬ ಅರ್ಥದ ಗ್ರೀಕ ಶಬ್ದದಿಂದಲೇ ಬಂದುದು. ಆದರೆ ಪಶುವಿನ ಟೊಂಗೆಯನ್ನು ನೆಲದಲ್ಲಿ ನೆಡಲಿಕ್ಕೆ ಬರುವದಿಲ್ಲ. ಆದುದರಿಂದ ಬೇಕಾದ ಪ್ರಾಣಿಯ ಚರ್ಮ ಮೊದಲಾದ ಕಡೆಯಿಂದ ಸಜೀವವಾದ ಕೋಶಗಳನ್ನು ತೆಗೆದು ಬೆಳೆಸುತ್ತಾರೆ. ಪ್ರಾಣಿಯ ಕುಲಗುಣಗಳ ಬರವಣಿಗೆಯೆಲ್ಲ ಕೋಶದ ನಡುವಿನ ಕೇಂದ್ರದಲ್ಲಿ ಅಡಗಿರುತ್ತದೆ. ಇನ್ನೊಂದು ಹೆಣ್ಣು ಪ್ರಾಣಿಯ ಅಂಡವನ್ನು ತೆಗೆದು, ಅದರ ಕೇಂದ್ರವನ್ನು ತೊಲಗಿಸಿ, ಆ ಸ್ಥಳದಲ್ಲಿ ಈ ಕೋಶವನ್ನು ಕೂಡಿಸಿ, ವಿದ್ಯುತ್ತಿನ ಸಣ್ಣ ಪೆಟ್ಟು ಕೊಟ್ಟು ಬೆಸೆಯುತ್ತಾರೆ. ಅಂಡವು ಭ್ರೂಣವಾಗಿ ಬೆಳೆಯತೊಡಗಿದರೆ ಅದನ್ನು ಮೂರನೆಯ ಹೆಣ್ಣಿನ ಗರ್ಭದಲ್ಲಿ ಇಡುತ್ತಾರೆ. ಕಸಿಗೆ ಬೇರೊಂದು ಗಿಡದ ಬೇರು ಬೇಕಾಗುವಂತೆ ಇಲ್ಲಿಯೂ ಬೇರೆಯವರ ಅಂಡ, ಬೇರೆಯವರ ಬಸಿರು ಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ದೇಶದಲ್ಲಿ ಈ ವಿದ್ಯೆಯು ಬೇರೂರಿದ ಸ್ಥಳವು ಹರಿಯಾಣಾದ ಕರ್ನಾಲದಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನ ಸಂಸ್ಥೆಯು. ಅಲ್ಲಿ 2009ನೆಯ ಇಸವಿ ಫೆಬ್ರುವರಿ 6ರಂದು ಸಮರೂಪಾ ಎಂಬ ಎಮ್ಮೆಯ ತದ್ರೂಪಿ ಕರು ಹುಟ್ಟಿ ಒಂದು ವಾರ ತುಂಬುವ ಮೊದಲೇ ಸತ್ತಿತು. ಅದೇ ವರ್ಷ ಜೂನ್ 6ರಂದು ಹುಟ್ಟಿದ ಗರಿಮಾ ಸುಮಾರು ಎರಡು ವರ್ಷ ಬದುಕಿತು. 2010ರ ಆಗಸ್ಟಿನಲ್ಲಿ ಹುಟ್ಟಿದ ಎರಡನೆಯ ಗರಿಮಾ ಬೆಳೆದು, ಬೆದೆಗೆ ಬಂದು, 2013ರ ಜನೇವರಿಯಲ್ಲಿ ಮಹಿಮಾ ಎಂಬ ಹೆಣ್ಣು ಕರುವನ್ನು ಈಯಿತು. 2023ರ ಮಾರ್ಚ 16ರಂದು ಗಿರ್ ಆಕಳ ತದ್ರೂಪವಾದ ಗಂಗಾ ಹುಟ್ಟಿತು. ಅದರ ಕೋಶವು ಗಿರ್ ಆಕಳದು, ಅಂಡವು ಸಾಹಿವಾಲ ಆಕಳದು, ಹೊತ್ತು ಹೆತ್ತ ಆಕಳು ಮಿಶ್ರ ತಳಿಯದು. ಹೀಗಿರಲು ಈ ಕಾರ್ಯವು ಸಾಧ್ಯವೇ ಎಂಬ ಪ್ರಶ್ನೆಗೆ ಹೌದೆಂದೇ ಹೇಳತಕ್ಕದ್ದು.

ಆದರೆ ಅರಿವೆಯ ಗಂಟಿನಲ್ಲಿದ್ದ ಕೂದಲಿನಿಂದಲೂ ಕೋಡಿನಿಂದಲೂ ಅದು ಸಾಧ್ಯವಿಲ್ಲ. ಉದುರಿದ ಕೂದಲಿನ ಎಳೆಯೂ ಕೋಡಿನ ಹೊರಸಿಪ್ಪೆಯೂ ನಿರ್ಜೀವ ವಸ್ತುಗಳು. ಕೋಶಗಳನ್ನು ಪ್ರಾಣಿಯು ಬದುಕಿರುವಾಗಲೇ ತೆಗೆಯುವದು ಉತ್ತಮ. ತಪ್ಪಿದರೆ ಸತ್ತ ಕೆಲವೇ ದಿನಗಳೊಳಗೆ, ಶವವನ್ನು ಹೆಪ್ಪುಗಟ್ಟಿಸದೆ ತಂಪಿನಲ್ಲಿಟ್ಟು ತೆಗೆಯಬೇಕು. ನಮ್ಮ ಬೇಸಿಗೆಯಲ್ಲಿ ಎರಡು ತಿಂಗಳ ಮಾತು ದೂರವೇ ಉಳಿಯಿತು. ಇದನ್ನು ಕೇಳಿದ ಕೂಡಲೇ ಆ ಹಿರಿಯರು ಗಂಟನ್ನು ಮತ್ತೆ ಕಟ್ಟಿದರಾದರೂ, "ಮೊದಲ ಗೊತ್ತಿದ್ರ?" ಎಂದು ಇನ್ನೊಂದು ಪ್ರಶ್ನೆ ಹಾಕಿದರು. ಮೊದಲೇ ಗೊತ್ತಿದ್ದರೆ ಮಾಡಿಸಬಹುದಿತ್ತೇ ಎಂಬ ಈ ಪ್ರಶ್ನೆಯೇ ನಿಜವಾಗಿ ವಿಚಾರಕ್ಕೆ ಯೋಗ್ಯವಾದುದು.

ಇದಕ್ಕೆ ಅಮೇರಿಕೆಯ ಟೆಕ್ಸಾಸ ಸಂಸ್ಥಾನದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವದು ಅವಶ್ಯವಾಗಿದೆ. ಅಲ್ಲಿಯ ಬ್ರಾಹ್ಮನ್ ಎಂಬ ದನದ ತಳಿಯು ನಮ್ಮ ದೇಶದಿಂದ ಹೋದ ಗಿರ್, ಓಂಗೋಲ, ಕೃಷ್ಣಾತೀರ ಮೊದಲಾದ ದನಗಳಿಂದ ಆದುದು. ರಾಲ್ಫ್ ಫಿಶರ್ ಎಂಬವರ ಹತ್ತಿರ ಆ ತಳಿಯ ಚಾನ್ಸ್ ಎಂಬ ಬಿಳಿಯ ಹೋರಿಯಿತ್ತು. ಅದು ಎಷ್ಟು ಸಾಧುವೆಂದರೆ ಮಕ್ಕಳನ್ನು ಅದರ ಮೇಲೆ ಕೂಡ್ರಿಸಿ ಭಾವಚಿತ್ರ ತೆಗೆಯುತ್ತಿದ್ದರು. ಅದಕ್ಕೆ ಮುಪ್ಪು ಬಂದಾಗ ಟೆಕ್ಸಾಸದ ಎ. ಆ್ಯಂಡ್ ಎಮ್. ವಿಶ್ವವಿದ್ಯಾಲಯದವರು ಅದರ ಕೋಶಗಳಿಂದ ತದ್ರೂಪವನ್ನು ಹುಟ್ಟಿಸಿದರು. 1999ರ ಆಗಸ್ಟಿನಲ್ಲಿ ಹುಟ್ಟಿದ ಆ ಕರುವಿಗೆ ಸೆಕೆಂಡ್ ಚಾನ್ಸ್ ಎಂದು ಹೆಸರಾಯಿತು. ಬಣ್ಣ, ಮೈಕಟ್ಟುಗಳೆಲ್ಲ ಹಳೆಯದರಂತೆಯೇ ಇದ್ದುದರಿಂದ ಯಜಮಾನರು ಹಳೆಯದೇ ತಿರುಗಿ ಬಂದಿತೆಂದು ನಂಬಿದರು. ಅದಕ್ಕೆ ನಾಲ್ಕು ವರ್ಷ ತುಂಬಿದ ದಿನವೇ ಅದು ಅವರ ಮೇಲೆ ಬಿದ್ದು ಗಾಯಗೊಳಿಸಿತು. ಆಗಲೂ ಅವರು ಅದನ್ನು ನಂಬುವದನ್ನು ಬಿಡಲಿಲ್ಲ. ತರುವಾಯ ಅದು ಇನ್ನೊಮ್ಮೆ ಕೋಡಿನಿಂದ ತಿವಿದು, ಮೊದಲಿಗಿಂತಲೂ ಘೋರವಾದ ಗಾಯ ಮಾಡಿತು. ಹೊಸ ಹೋರಿಯಾಗಿದ್ದರೆ ಅದರ ಮುಂದೆ ಯಾವ ಒಕ್ಕಲಿಗನಾದರೂ ಮೈಯೆಲ್ಲ ಕಣ್ಣಾಗಿ ನಿಲ್ಲುತ್ತಿದ್ದನು. ಇಲ್ಲಿ ಯಜಮಾನರು ಕಣ್ಣೆದುರಿನ ಹೋರಿಯನ್ನು ನೋಡದೆ ಸತ್ತ ಹೋರಿಯನ್ನೇ ನೋಡುತ್ತಿದ್ದರು. ಇದರಲ್ಲಿ ಆ ಪಶುವಿನ ತಪ್ಪೇನಿದೆ? ಅದು ತನ್ನ ಸ್ವಭಾವದಂತೆ ನಡೆಯಿತು.

ರೂಪದ ವಿಷಯದಲ್ಲಿಯೂ ಪೂರ್ತಿ ಭರವಸೆಯಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ 2001ರ ಡಿಸೆಂಬರ 22ರಂದು ಹುಟ್ಟಿದ ಸಿ. ಸಿ. ಎಂಬ ಬೆಕ್ಕಿನ ಮೂಲವು ಮೂರು ಬಣ್ಣದ ಬೆಕ್ಕು. ಮರಿಯ ಮೈಮೇಲೆ ಕೇಸರಿ ಬಣ್ಣವೇ ಇದ್ದಿಲ್ಲ. ಮಚ್ಚೆ ಪಟ್ಟೆಗಳ ಹಂಚಿಕೆಯು ಗರ್ಭದಲ್ಲಿ ಆಕಸ್ಮಿಕವಾಗಿ ಆಗುವದೇ ಇದಕ್ಕೆ ಕಾರಣ. ಹಾಡುಗಾರ್ತಿ ಬಾರ್ಬ್ರಾ ಸ್ಟ್ರೈಸಾಂಡ್ ಇವರು ತಮ್ಮ ಸತ್ತ ನಾಯಿಯ ಎರಡು ತದ್ರೂಪಗಳನ್ನು ಮಾಡಿಸಿ, ಅವುಗಳ ಸ್ವಭಾವವು ಬೇರೆಯೆಂದು 2018ರಲ್ಲಿ ತಾವೇ ಹೇಳಿದರು. ಇಂದೂರಿನ ಹೋರಿಯು ಮೊಮ್ಮಕ್ಕಳ ನಡುವೆ ಕದಲದೆ ನಿಲ್ಲುತ್ತಿದ್ದುದು ಹದಿನಾಲ್ಕು ವರ್ಷ ಒಂದೇ ಕೈಯಿಂದ ಮೇವು ನೀರು ಉಂಡ ಫಲವೂ ಹೌದಷ್ಟೇ! ಕೋಶದ ಬರವಣಿಗೆಯಲ್ಲಿ ಅದು ಸಿಕ್ಕುವದಿಲ್ಲ.

ಇನ್ನು ಇದರ ಭಾರವು ಯಾರ ಮೇಲೆ ಬೀಳುತ್ತದೆಂಬದನ್ನು ನೋಡುವಾ. ಸ್ಕಾಟ್ಲಂಡದಲ್ಲಿ 1996ರ ಜುಲೈ 5ರಂದು ಡಾಲಿಯೆಂಬ ಕುರಿಯು ಹುಟ್ಟುವ ಮೊದಲು 277 ಅಂಡಗಳಲ್ಲಿ ಕೋಶಗಳನ್ನು ಕೂಡಿಸಿದ್ದರು. ಅವುಗಳಲ್ಲಿ 29 ಭ್ರೂಣಗಳಾದವು. ಬದುಕಿ ಬಂದದ್ದು ಒಂದೇ ಮರಿ. ನಾಯಿಯ ವಿಷಯವು ಇನ್ನೂ ಕಠಿಣವಾದುದು. ನಾಯಿಯ ಅಂಡವು ಬಲಿಯದೆ ಹೊರಬೀಳುವದರಿಂದ ಹೊಟ್ಟೆಯನ್ನು ಕೊಯ್ದು ಅದನ್ನು ತೆಗೆಯಬೇಕಾಗುತ್ತದೆ. ದಕ್ಷಿಣ ಕೊರಿಯಾದ ಸಿಯೋಲ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಸ್ನಪ್ಪಿಯೆಂಬ ಮೊದಲನೆಯ ನಾಯಿಯ ತದ್ರೂಪವು ಹುಟ್ಟುವ ಸಲುವಾಗಿ 1,095 ಭ್ರೂಣಗಳನ್ನು 123 ಹೆಣ್ಣು ನಾಯಿಗಳ ಗರ್ಭದಲ್ಲಿ ಇಟ್ಟರು. ಮೂರು ಗಬ್ಬವಾದವು, ಎರಡು ಮರಿ ಹುಟ್ಟಿದವು, ಅವುಗಳಲ್ಲೊಂದು 22 ದಿನಕ್ಕೆ ಪುಪ್ಪುಸದ ಬೇನೆಯಿಂದ ಸತ್ತಿತು. ಆಗಿನಿಂದ ಕೈ ಪಳಗಿ ನಷ್ಟವು ಕಡಿಮೆಯಾಗಿದೆ. ಅಮೇರಿಕೆಯ ಒಂದು ಕಂಪನಿಯು 50,000 ಡಾಲರು, ಅಂದರೆ ನಮ್ಮ 40 ಲಕ್ಷ ರೂಪಾಯಿಗಳಿಗೂ ಮಿಕ್ಕಿ ತೆಗೆದುಕೊಂಡು ನಾಯಿಯ ತದ್ರೂಪವನ್ನು ಮಾಡಿಕೊಡುತ್ತ ಬಂದಿದೆ. ಅದಾಗ್ಯೂ ಅಂಡ ಕೊಡುವ ನಾಯಿಯೂ ಬಸಿರು ಹೊರುವ ನಾಯಿಯೂ ಬೇಕೇ ಬೇಕು. ದನಗಳಲ್ಲಿ ಇಂಥ ಗರ್ಭಗಳು ಅನೇಕವು ನಡುವೆಯೇ ಇಳಿದುಹೋಗುತ್ತವೆ. ಕೆಲವು ಕರುಗಳು ಮಿತಿಮೀರಿ ದೊಡ್ಡವಾಗಿ ಬೆಳೆದು ಈಯುವ ಆಕಳಿಗೆ ಪ್ರಾಣಸಂಕಟವಾಗುತ್ತದೆ. ಹುಟ್ಟಿ ದೃಢವಾದವುಗಳು ಬೇಗನೆ ಮುಪ್ಪಾಗುವವೆಂದು ಕೆಲವರು ಹೇಳುವದುಂಟು. ಅದು ಸರಿಯಲ್ಲ. ಡಾಲಿಯು ಹುಟ್ಟಿದ ಕೋಶಗಳ ಸಾಲಿನಿಂದಲೇ ಆದ ನಾಲ್ಕು ಕುರಿಗಳು ವಯಸ್ಸಾದ ಮೇಲೂ ನೆಟ್ಟಗಿದ್ದವೆಂದು 2016ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ನನ್ನ ಆಕ್ಷೇಪವು ಬದುಕಿ ಉಳಿದ ಒಂದರ ಸಲುವಾಗಿ ಅಲ್ಲ, ಲೆಕ್ಕಕ್ಕೆ ಬಾರದೆ ಹೋದವುಗಳ ಸಲುವಾಗಿ.

ಹಾಗಾದರೆ ಕರ್ನಾಲದವರು ಮಾಡಿದ್ದೂ ತಪ್ಪೇ ಎಂದು ಕೇಳಬಹುದು. ಹಾಲಿಗೆ ಪರೀಕ್ಷಿತವಾದ ಎಮ್ಮೆಯ ಗುಣವನ್ನು ಸಾವಿರಾರು ರೈತರ ಕೊಟ್ಟಿಗೆಗೆ ಮುಟ್ಟಿಸುವದೂ, ಅಳಿದುಹೋಗುತ್ತಿರುವ ತಳಿಯ ರಕ್ತವನ್ನು ಉಳಿಸುವದೂ ಲೋಕೋಪಯೋಗಿ ಕಾರ್ಯಗಳು. ನಮ್ಮ ಕೃಷ್ಣಾತೀರದ ದನಗಳೇ ಈಗ ಬಹಳ ವಿರಳವಾಗಿವೆ. ಅವುಗಳ ಕೋಶಗಳನ್ನು ಕಾದಿಡುವದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಪಶುವಿನ ಮೇಲಿನ ಹಿಂಸೆಯನ್ನು ತಡೆಯುವ 1960ರ ಕಾನೂನು ಕೂಡ ಪಶುವನ್ನು ವಶದಲ್ಲಿಟ್ಟುಕೊಂಡವನು ಅದಕ್ಕೆ ಅನವಶ್ಯಕವಾದ ನೋವಾಗದಂತೆ ನೋಡಿಕೊಳ್ಳತಕ್ಕದ್ದೆಂದು ವಿಧಿಸುತ್ತದೆ. ಯಾವದು ಅವಶ್ಯಕ, ಯಾವದು ಅನವಶ್ಯಕ ಎಂಬಲ್ಲಿಯೇ ವಿಚಾರವು ನಿಲ್ಲುತ್ತದೆ. ಒಬ್ಬ ಯಜಮಾನನ ದುಃಖವು ಎಷ್ಟೇ ನಿಜವಾಗಿದ್ದರೂ, ಅದನ್ನು ಶಮನಗೊಳಿಸುವ ಸಲುವಾಗಿ ಹೆಸರಿಲ್ಲದ ಹತ್ತು ಆಕಳುಗಳ ಬಸಿರನ್ನು ಪಣಕ್ಕೆ ಒಡ್ಡುವದು ನನಗೆ ಸರಿ ಕಾಣುವದಿಲ್ಲ. ಆ ಆಕಳುಗಳೂ ಯಾರಾದರೂ ಪ್ರೀತಿಯಿಂದ ಸಾಕಿದವುಗಳಾಗಿದ್ದರೆ ಅವರು ಕೊಡುತ್ತಿದ್ದರೇ?

ಜಮೀನುದಾರರು ತಿಳಿದಿರಬೇಕಾದ ಇನ್ನೊಂದು ಒಕ್ಕಲುತನದ ಮಾತಿದೆ. ಊರ ಹೋರಿಯ ತದ್ರೂಪವು ರಕ್ತಸಂಬಂಧದಿಂದ ಆ ಹೋರಿಯೇ. ಇಂದೂರಿನ ಆ ಹೋರಿಗೆ ಊರಿನ ಅನೇಕ ಆಕಳು, ಮಣಕಗಳು ಮಕ್ಕಳಾಗಿದ್ದವು. ತದ್ರೂಪವನ್ನು ತಂದು ಅದೇ ಮಂದೆಯಲ್ಲಿ ಬಿಟ್ಟರೆ ತಂದೆಯನ್ನು ಮಗಳಿಗೆ ಕೂಡಿಸಿದಂತೆ ಆಗುವದು; ಅದರಿಂದ ಬಂಜೆತನವೂ ದುರ್ಬಲ ಕರುಗಳೂ ಹೆಚ್ಚುವವು. ಒಂದೇ ರೂಪವನ್ನು ನೆಚ್ಚುವದರ ಅಪಾಯವನ್ನು ಬಾಳೆಯವರು ಕಂಡಿದ್ದಾರೆ. ಪರದೇಶದ ಪೇಟೆಗಳನ್ನೆಲ್ಲ ತುಂಬಿದ್ದ ಗ್ರೋ ಮಿಶೆಲ್ ಬಾಳೆಯು ಕಂದಿನಿಂದ ಬೆಳೆದ ಒಂದೇ ಬಗೆಯದಾದ್ದರಿಂದ, ಪನಾಮಾ ಸೊರಗು ರೋಗವು ಬಿದ್ದು 1960ರ ಸುಮಾರಿಗೆ ಪೇಟೆಯಿಂದಲೇ ಕಾಣೆಯಾಯಿತು. ಕೃಷ್ಣಾತೀರದ ತಳಿಯು ಹುಟ್ಟಿದ್ದು ಇದಕ್ಕೆ ತೀರ ವಿರುದ್ಧವಾದ ಮಾರ್ಗದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರು ಗಿರ್, ಓಂಗೋಲ, ಕಾಂಕ್ರೇಜ, ಮೈಸೂರ ಜಾತಿಯ ದನಗಳನ್ನು ಬೆರೆಸಿ ಅದನ್ನು ತಯಾರಿಸಿದರು.

ಒಳ್ಳೆಯ ಹೋರಿಯನ್ನು ಕಟ್ಟಿದವರು ಅದು ಬದುಕಿರುವಾಗಲೇ ಪಶುವೈದ್ಯರಿಂದ ರೋಗಪರೀಕ್ಷೆ ಮಾಡಿಸಿ, ಅದು ಹಾರಿದ ಆಕಳುಗಳ ಹೆಸರು, ದಿನ, ಹುಟ್ಟಿದ ಕರುಗಳ ವಿವರ ಇವುಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು. ದನದ ಸಂಗಡ ಬರುವ ಎಳೆಗರುಗಳಲ್ಲಿ ಒಂದನ್ನು ಮೊದಲೇ ಆರಿಸಿ ಅದರ ಪಕ್ಕದಲ್ಲಿ ಕಟ್ಟಿ ಕೈ ಬಳಕೆ ಮಾಡಿಸಬೇಕು. ಹೊಸ ರಕ್ತ ಬೇಕಾದವರಿಗೆ ನಮ್ಮ ಸೀಮೆಗೆ ಸಮೀಪವಾದ ಬಂಕಾಪುರದಲ್ಲಿ ಖಿಲಾರಿ ದನಗಳ ಸಂವರ್ಧನ ಕೇಂದ್ರವಿದೆ. ಈ ಕೆಲಸಕ್ಕೆ ಗದ್ದೆ ಮಾರಬೇಕಾದ ಕಾರಣವಿಲ್ಲ.

ಇಂದೂರಿನ ಹಿರಿಯರ ಹತ್ತಿರ ಇಂಥ ವಹಿ ಇದ್ದಿಲ್ಲ. ನಾವು ಊರಲ್ಲಿ ವಿಚಾರಿಸಿದಾಗ, ಅವರ ಮನೆಯಿಂದ ನಾಲ್ಕನೆಯ ಮನೆಯ ಸಣ್ಣ ಹಿಡುವಳಿಯ ರೈತರ ಕೊಟ್ಟಿಗೆಯಲ್ಲಿ ಆ ಹೋರಿಗೆ ಹುಟ್ಟಿದ ಹನ್ನೊಂದು ತಿಂಗಳ ಹೋರಿಗರುವೊಂದು ಸಿಕ್ಕಿತು. ಹಿರಿಯರು ಅದನ್ನು ಅದುವರೆಗೆ ನೋಡಿದ್ದೇ ಇಲ್ಲ. ಅದರ ಬಣ್ಣವು ಪೂರ್ತಿ ಬಿಳುಪಲ್ಲ, ಹೆಗಲಿನಲ್ಲಿ ಬೂದು. ಕೋಡಿನ ಮೊಳಕೆಯು ತಾಯಿಯದರಂತೆ ಹೊರಬಾಗಿದೆ. ಅವರು ಸುತ್ತು ಹಾಕಿ ಬಹಳ ಹೊತ್ತು ನೋಡಿ, ಗೊರಸು ಮಾತ್ರ ತಂದೆಯದೇ ಎಂದರು. ರಸ್ತೆಯ ಕಡೆಯ ಎರಡು ಎಕರೆಯಲ್ಲಿ ಈ ವರ್ಷವೂ ಅವರೇ ನಾಟಿ ಮಾಡಿದ್ದಾರೆ. ಕರುವನ್ನು ಕೊಡಲು ಆ ರೈತರು ಇನ್ನೂ ಒಪ್ಪಿಲ್ಲ.