ಮುಸುಕಿನ ಮರೆಯ ಗೆಲಾಕ್ಸಿಗಳು ಮತ್ತು ಎಕ್ಸ್-ಕಿರಣ ದೂರದರ್ಶಕ

ಸಕ್ರಿಯ ಗೆಲಾಕ್ಸಿಯ ನಡುವೆ ಬೃಹತ್ ಕಪ್ಪುಕುಳಿ ಅನಿಲವನ್ನು ನುಂಗುತ್ತಿರುತ್ತದೆ. ಸುತ್ತಲಿನ ಅನಿಲ-ದೂಳಿನ ಉಂಗುರ ನಮಗೆ ಅಡ್ಡ ಬಂದರೆ ಬೆಳಕಷ್ಟೇ ಅಲ್ಲ, ಮೃದು ಎಕ್ಸ್-ಕಿರಣಗಳೂ ಅದರಲ್ಲೇ ಇಂಗಿಹೋಗುತ್ತವೆ. ಅಡ್ಡ ಬರುವ ಹೈಡ್ರೋಜನ್ ಚದರ ಸೆಂ.ಮೀ.ಗೆ ಸುಮಾರು 1.5×10²⁴ ಪರಮಾಣು ಮೀರಿದರೆ ಅದು ‘ಕಾಂಪ್ಟನ್-ದಟ್ಟ’. ಆಗ 10 ಕಿಲೋಎಲೆಕ್ಟ್ರಾನ್-ವೋಲ್ಟ್‌ಗಿಂತ (ಕೆಇವಿ) ಹೆಚ್ಚಿನ ಕಠಿಣ ಕಿರಣಗಳಿಗೆ ಮಾತ್ರ ಒಂದಿಷ್ಟು ದಾರಿ. 6.4 ಕೆಇವಿಯ ಕಬ್ಬಿಣದ ರೇಖೆ ಎದ್ದು ಕಾಣುವುದೂ ಇದರ ಗುರುತು.

ಇಂಥ ಕಠಿಣ ಕಿರಣಗಳನ್ನು ಹಿಡಿಯುವ ನಾಸಾದ ದೂರದರ್ಶಕ ನುಸ್ಟಾರ್ ಉಡಾವಣೆಯಾದದ್ದು 13 ಜೂನ್ 2012ರಂದು. ವ್ಯಾಪ್ತಿ 3–79 ಕೆಇವಿ. ಕಠಿಣ ಕಿರಣಗಳು ಕನ್ನಡಿಯನ್ನು ಸವರಿಕೊಂಡು ಹೋದರಷ್ಟೇ ಪ್ರತಿಫಲಿಸುತ್ತವೆ, ಅದಕ್ಕೇ ಕನ್ನಡಿ ಮತ್ತು ಡಿಟೆಕ್ಟರ್ ನಡುವೆ 10 ಮೀಟರ್ ಅಂತರ ಬೇಕಾಯಿತು. ಈ ಅಂತರಕ್ಕಾಗಿ ಮಡಚಿ ಒಯ್ದ ತೊಲೆ ಕಕ್ಷೆಯಲ್ಲಿ ಬಿಚ್ಚಿಕೊಂಡಿತು. ಎಂಥ ಸೊಗಸಾದ ಎಂಜಿನಿಯರಿಂಗ್!

ಇಂಥ ಮುಸುಕಿನ ಗೆಲಾಕ್ಸಿಗಳಲ್ಲಿ ಮರೆಯಬಾರದ ಉದಾಹರಣೆ ಎನ್‌ಜಿಸಿ 1068, ಅಂದರೆ ಎಂ77. 2014ರ ಆಗಸ್ಟ್‌ನಲ್ಲಿ 20 ಕೆಇವಿಗಿಂತ ಮೇಲೆ ಅದರ ಹೊಳಪು ಏರಿದ್ದನ್ನು ನುಸ್ಟಾರ್ ಕಂಡಿತು. ಮುಸುಕು ಆ ಹೊತ್ತಿಗೆ ತುಸು ತೆಳುವಾಗಿತ್ತು ಎಂಬುದು ವಿಜ್ಞಾನಿಗಳ ವಿವರಣೆ. ಹಾಗಾದರೆ ಉಂಗುರ ಒಂದೇ ಸಮನಾದ ಗೋಡೆಯಲ್ಲ, ತುಂಡು ಮೋಡಗಳ ಗುಂಪು.

ಎಕ್ಸ್-ಕಿರಣಗಳನ್ನು ನೋಡಲೆಂದೇ ಭಾರತವೂ ದೂರದರ್ಶಕ ಕಳಿಸಿದೆ: ಇಸ್ರೋದ ಆಸ್ಟ್ರೋಸ್ಯಾಟ್ 28 ಸೆಪ್ಟೆಂಬರ್ 2015ರಂದು ಪಿಎಸ್‌ಎಲ್‌ವಿ-ಸಿ30 ರಾಕೆಟ್‌ನಲ್ಲಿ ಉಡಾವಣೆಯಾಯಿತು.