ಗಾರ್ಡ್ ಬಿಚ್ಚಿದ ಯಂತ್ರ

ಹೊಸ ವೀಡ್ ಕಟ್ಟರ್ ಮನೆಗೆ ಬಂತೆಂದರೆ ಅಡಿಕೆ ಸೀಮೆಯಲ್ಲಿ ಅದಕ್ಕೆ ಆಗುವ ಮೊದಲ ರಿಪೇರಿ ಗಾರ್ಡ್ ಬಿಚ್ಚುವುದು. ಒಂದೆರಡು ಬೋಲ್ಟ್ ಸಡಿಲಿಸಿದರೆ ಕಳಚಿ ಬರುವ ಆ ಕಪ್ಪು ಪ್ಲಾಸ್ಟಿಕ್ ತುಂಡು ಅಟ್ಟ ಸೇರುತ್ತದೆ, ಆಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ಅದರ ಹಿಂದೆಯೇ ಹೆಗಲಪಟ್ಟಿಯ ಸೊಂಟದ ಪ್ಯಾಡು, ಡಬ್ಬದೊಳಗೆ ಬಂದಿದ್ದ ಕನ್ನಡಕ, ಕೊನೆಗೆ ಕೈಪಿಡಿಯೂ ಅಟ್ಟ ಹತ್ತುತ್ತವೆ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಅದನ್ನೆಲ್ಲ ಇಟ್ಟುಕೊಂಡರೆ ಕೆಲಸ ಸಾಗುವುದಿಲ್ಲ ಮಾರಾಯ್ರೇ.’ ಸುರಕ್ಷತೆ ನೋಡಿಕೊಂಡರೆ ಕೆಲಸ ಹಿಂದೆ ಬೀಳುತ್ತದೆ, ಕೆಲಸ ಮುಗಿಯಬೇಕಾದರೆ ಸುರಕ್ಷತೆಯನ್ನು ಸ್ವಲ್ಪ ಬಿಡಬೇಕು ಎಂಬ ಲೆಕ್ಕ ಈ ಮಾತಿನೊಳಗಿದೆ. ಈ ಲೆಕ್ಕವೇ ತಪ್ಪು ಎಂಬುದು ಇಷ್ಟು ಕಾಲ ಈ ಯಂತ್ರದ ಜೊತೆ ಒಡನಾಡಿ ನಾನು ಕಂಡುಕೊಂಡದ್ದು. ಹುಲ್ಲು ಬೇಗ ಬೀಳಬೇಕು, ಯಂತ್ರ ಬಾಳಿಕೆ ಬರಬೇಕು, ಹಿಡಿದವನ ಕಣ್ಣು ಕಾಲು ಉಳಿಯಬೇಕು ಎಂಬ ಮೂರು ಆಸೆಗಳಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ ಎಚ್ಚರಿಕೆ.

ಗಾರ್ಡನ್ನೇ ನೋಡಿ. ನೈಲಾನ್ ದಾರದ ತಲೆಗೆ ಹಾಕುವ ಗಾರ್ಡನ್ನು ಮಗುಚಿದರೆ ಅದರ ಅಂಚಿನಲ್ಲಿ ಒಂದು ಪುಟ್ಟ ಬ್ಲೇಡು ಇರುತ್ತದೆ. ದಾರ ಸವೆದಾಗ ತಲೆಯನ್ನು ನೆಲಕ್ಕೆ ಕುಟ್ಟಿ ಹೊಸ ದಾರ ಬಿಡಿಸಿಕೊಳ್ಳುತ್ತೇವಲ್ಲ, ಆಗ ಜಾಸ್ತಿ ಬಂದದ್ದನ್ನು ಅಳತೆಗೆ ಕತ್ತರಿಸುವುದು ಅದರ ಕೆಲಸ. ಆ ಇಂಜಿನ್ನಿನ ಶಕ್ತಿಗೆ ಎಷ್ಟುದ್ದದ ದಾರ ಸರಿ ಎಂದು ಲೆಕ್ಕ ಹಾಕಿಯೇ ಅದನ್ನು ಅಲ್ಲಿ ಕೂರಿಸಿರುತ್ತಾರೆ. ಗಾರ್ಡ್ ಹೋದರೆ ಅಳತೆಯೂ ಹೋಯಿತು. ದಾರ ಉದ್ದವಾದಷ್ಟೂ ಒಂದು ಬೀಸಿಗೆ ಹೆಚ್ಚು ಹುಲ್ಲು ಬೀಳುತ್ತದೆ ಎಂದು ಖುಷಿಪಡುವವರಿದ್ದಾರೆ. ಆದರೆ ಉದ್ದ ದಾರಕ್ಕೆ ಗಾಳಿಯ ತಡೆಯೇ ಹೆಚ್ಚು. ಪೂರ್ತಿ ಆಕ್ಸಿಲರೇಟರ್ ಒತ್ತಿದರೂ ಇಂಜಿನ್ ತನ್ನ ವೇಗಕ್ಕೆ ಏರುವುದಿಲ್ಲ. ಈ ಯಂತ್ರಗಳಲ್ಲಿರುವುದು ವೇಗ ಏರಿದಾಗ ಮಾತ್ರ ಹಿಡಿಯುವ ಕ್ಲಚ್. ವೇಗ ಕಡಿಮೆಯಾದರೆ ಕ್ಲಚ್ ಶೂ ಡ್ರಮ್ಮಿಗೆ ಗಟ್ಟಿಯಾಗಿ ಕಚ್ಚದೆ ಉಜ್ಜುತ್ತಾ ಕಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಟ್ಟ ವಾಸನೆ, ಮಳೆಗಾಲ ಮುಗಿಯುವುದರೊಳಗೆ ಹೊಸ ಕ್ಲಚ್. ಆಗ ಬೈಗುಳ ಮಾತ್ರ ಕಂಪನಿಗೆ.

ಇದು ಯಂತ್ರದ ಮಾತಾಯಿತು, ಇನ್ನು ಮೈಯ ಮಾತು. 255 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಅದರ ಹಲ್ಲಿನ ತುದಿ ಗಂಟೆಗೆ ಸುಮಾರು 380 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕೆ ಸಿಕ್ಕಿದ ಜಲ್ಲಿ, ಮುರಕಲ್ಲಿನ ಚೂರು, ಬೇಲಿಯ ತಂತಿಯ ತುಂಡು ಯಾವ ಕಡೆಗೆ ಹಾರೀತು ಎಂದು ಹೇಳಲಾಗದು. ಅದಕ್ಕೇ 15 ಮೀಟರಿನೊಳಗೆ ಯಾರೂ ಇರಬಾರದು ಎಂದು ಕೈಪಿಡಿಗಳು ಹೇಳುವುದು. ನಮ್ಮಲ್ಲಿ ಒಬ್ಬ ಹುಲ್ಲು ಸವರುತ್ತಾ ಹೋದರೆ ಇನ್ನೊಬ್ಬರು ಬೆನ್ನ ಹಿಂದೆಯೇ ಬುಟ್ಟಿ ಹಿಡಿದು ದನಕ್ಕೆ ಹುಲ್ಲು ಹೆಕ್ಕುವುದು ವಾಡಿಕೆ. ನೂಕಿಕೊಂಡು ಹೋಗುವ ಲಾನ್ ಮೋವರಿನಲ್ಲಿ ಬ್ಲೇಡು ತಗಡಿನ ಹೊದಿಕೆಯೊಳಗೆ ಅಡಗಿರುತ್ತದೆ. ಅಷ್ಟಿದ್ದೂ ಅಮೆರಿಕದಲ್ಲಿ, ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕು ಎಂಬ ನಿಯಮ 1982ರಿಂದಲೇ ಇದೆ. ನಮ್ಮ ವೀಡ್ ಕಟ್ಟರಿನ ಬ್ಲೇಡಿಗೆ ಹೊದಿಕೆಯೂ ಇಲ್ಲ, ಬ್ರೇಕೂ ಇಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ತನ್ನ ಓಟದಲ್ಲೇ ಸ್ವಲ್ಪ ಹೊತ್ತು ತಿರುಗುತ್ತದೆ. ಇರುವ ಒಂದೇ ಮರೆ ಗಾರ್ಡ್, ಅದೂ ಕಾಲು ಸುತ್ತಿನಷ್ಟು ಮಾತ್ರ. ನೈಲಾನ್ ದಾರದ ಬದಲು ಸರಪಳಿ ತುಂಡು ಜೋಡಿಸಿದ ತಲೆಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳ ಸಿಗುತ್ತವೆ. ಕೊಂಡಿ ಕಳಚಿದರೆ ಅದು ಗುಂಡಿನಂತೆ ಹಾರುತ್ತದೆ. ಐರೋಪ್ಯ ಒಕ್ಕೂಟ ಇಂಥ ಸರಪಳಿ ತಲೆಗಳನ್ನು ಮಾರುಕಟ್ಟೆಗೆ ತರಬಾರದೆಂದು 2012ರಲ್ಲೇ ನಿಷೇಧಿಸಿದೆ. ಅಗ್ಗಕ್ಕೆ ಸಿಕ್ಕಿತೆಂದು ತರುವವರು ಇಷ್ಟಾದರೂ ತಿಳಿದಿರಲಿ.

ಗಾರ್ಡ್ ಬಿಚ್ಚುವವರ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಮಳೆಗಾಲದ ಹಸಿ ಹುಲ್ಲು, ಅದರಲ್ಲೂ ಬಳ್ಳಿ ಜಾತಿಯ ಕಳೆ, ಗಾರ್ಡಿನಡಿ ಮುದ್ದೆಯಾಗಿ ಮೆತ್ತಿಕೊಂಡು ತಲೆಯನ್ನೇ ಕಟ್ಟಿಹಾಕುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ ಕೆರೆದು ತೆಗೆಯುವುದು ಯಾರಿಗೂ ಇಷ್ಟವಾಗುವ ಕೆಲಸವಲ್ಲ. ಆದರೆ ಈ ತೊಂದರೆಯ ಮೂಲ ಹುಲ್ಲಿನ ಎತ್ತರ. ಸೊಂಟದ ಮಟ್ಟ ಬೆಳೆಯುವವರೆಗೆ ಬಿಟ್ಟು ಒಂದೇ ಬೀಸಿಗೆ ಬುಡದಿಂದ ಕೆಡವಹೊರಟರೆ ಸುತ್ತಿಕೊಳ್ಳದೆ ಇನ್ನೇನಾದೀತು? ಮೊದಲು ಮೇಲಿನ ಅರ್ಧ, ಅದು ಬಿದ್ದ ಮೇಲೆ ಕೆಳಗಿನ ಅರ್ಧ, ಹೀಗೆ ಎರಡು ಸಲ ಬೀಸಿದರೆ ಸುತ್ತಿಕೊಳ್ಳುವುದು ಬಹಳ ಕಡಿಮೆಯಾಗುತ್ತದೆ. ಬಳ್ಳಿ ಹಬ್ಬಿದಲ್ಲಿ ನೈಲಾನ್ ದಾರದ ತಲೆ ತೆಗೆದು ಬ್ಲೇಡು ಹಾಕಿಕೊಳ್ಳಬೇಕು, ಅದಕ್ಕೆ ಹೊಂದುವ ಗಾರ್ಡನ್ನೇ ಕೂರಿಸಬೇಕು. ಮುಖ್ಯವಾಗಿ ಇನ್ನೊಂದು ಸುತ್ತು ಮುಂಚೆಯೇ ಕಳೆ ತೆಗೆಸಿದರೆ ಪ್ರತಿ ಸುತ್ತಿಗೂ ಹಿಡಿಯುವ ಹೊತ್ತು, ಪೆಟ್ರೋಲು ಎರಡೂ ಇಳಿಯುತ್ತವೆ. ವರ್ಷಕ್ಕೆ ಒಂದು ಸುತ್ತು ಉಳಿಸಿದೆನೆಂದು ಲೆಕ್ಕ ಹಾಕುವವರು ಆ ದೊಡ್ಡ ಸುತ್ತಿನಲ್ಲಿ ಯಂತ್ರ ಎಷ್ಟು ನರಳಿತು ಎಂಬುದನ್ನು ಖರ್ಚಿನ ಪಟ್ಟಿಗೆ ಸೇರಿಸುವುದೇ ಇಲ್ಲ.

ಇದಕ್ಕೆ ಅಂಟಿಕೊಂಡಂತೆ ನಮಗೊಂದು ಚಟವಿದೆ: ತೋಟ ಗುಡಿಸಿಟ್ಟ ಅಂಗಳದಂತೆ ಕಾಣಬೇಕು. ಮಣ್ಣು ಕಾಣುವವರೆಗೆ ಸವರಿದರೆ ಯಜಮಾನರಿಗೆ ಸಮಾಧಾನ. ಕೊಯ್ಲಿಗೆ ಮುಂಚೆ ಉದುರಡಿಕೆ ಕಾಣಲಿ ಎಂದು ತಗ್ಗಿಸಿ ಕತ್ತರಿಸುವುದಕ್ಕೆ ಅರ್ಥವಿದೆ, ಒಪ್ಪೋಣ. ಉಳಿದ ಸುತ್ತುಗಳಲ್ಲಿ ನೆಲ ಕೆರೆಯುವುದು ಯಾಕೆ? ಎರಡು ಮೂರು ಇಂಚು ಹುಲ್ಲು ಉಳಿದರೆ ಜಡಿಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುವುದಿಲ್ಲ. ಬ್ಲೇಡಿಗೆ ಕಲ್ಲು ಸಿಗುವುದೇ ಕಡಿಮೆ. ಸ್ಪ್ರಿಂಕ್ಲರ್ ಪೈಪು, ಕಾಳುಮೆಣಸಿನ ಬಳ್ಳಿಯ ಬುಡ ಬಚಾವಾಗುತ್ತವೆ. ಮಣ್ಣು ಕೆರೆಯುವ ಬ್ಲೇಡು ಗಂಟೆಯೊಳಗೆ ಮೊಂಡಾಗುತ್ತದೆ. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹೊಡೆಯುತ್ತದೆ; ಹೊಡೆಯಲು ಇಂಜಿನ್ ಇನ್ನಷ್ಟು ದುಡಿಯಬೇಕು. ಮರದ ಬುಡದ ಸುತ್ತ ಒಂದು ಮೊಳದಷ್ಟು ಜಾಗವನ್ನು ಕೈಕತ್ತಿಗೇ ಬಿಡುವುದು ಒಳ್ಳೆಯದು. ನೈಲಾನ್ ದಾರ ಎಳೆ ಅಡಿಕೆ ಸಸಿಯ ಕಾಂಡವನ್ನು ಸುಲಿಯಲು ಒಂದು ಕ್ಷಣ ಸಾಕು.

ಯಂತ್ರ ಹಿಡಿಯುವ ರೀತಿಯ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮಲ್ಲಿ ಓಡುವ ನೇರ ದಂಡದ ಯಂತ್ರಗಳಲ್ಲಿ ಬ್ಲೇಡು ಸಾಮಾನ್ಯವಾಗಿ ಹಿಡಿದವನ ಕಣ್ಣಿಗೆ ಎಡಸುತ್ತಾಗಿ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಬ್ಲೇಡನ್ನೇ ಗಡಿಯಾರವೆಂದುಕೊಂಡರೆ 12ರಿಂದ 3ರವರೆಗಿನ ಬಲ ಮುಂಭಾಗ ಅಪಾಯದ ಜಾಗ. ಅಲ್ಲಿ ಹಳೇ ಬುಡವೋ ಕಲ್ಲೋ ತಾಗಿದರೆ ಇಡೀ ಯಂತ್ರ ಬಲಕ್ಕೋ ಹಿಂದಕ್ಕೋ ಒದೆಯುತ್ತದೆ. ಆದ್ದರಿಂದ ಎಡ ಮುಂಭಾಗದಿಂದ, ಬಲದಿಂದ ಎಡಕ್ಕೆ ಬೀಸುತ್ತಾ ಕತ್ತರಿಸಬೇಕು. ಬಿದ್ದ ಹುಲ್ಲೂ ಆಗ ಎಡಕ್ಕೆ ಸಾಲಾಗಿ ಬೀಳುತ್ತದೆ. ಆದರೆ ಎಡಭಾಗದಲ್ಲಿ ಹಲ್ಲು ಓಡುವುದು ನಮ್ಮ ಕಡೆಗೆ ಎಂಬುದನ್ನು ಗಮನಿಸಿ. ಒದೆತ ತಪ್ಪಿಸಲು ನಾವು ಬಳಸಲೇಬೇಕಾದ ಮಗ್ಗುಲಿನಿಂದಲೇ ಕಲ್ಲು ನಮ್ಮ ಕಾಲಿಗೆ ಬರುತ್ತದೆ. ಗಾರ್ಡ್ ಅಲ್ಲಿ ಯಾಕಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಹೆಗಲಪಟ್ಟಿಯದೂ ಹೀಗೆಯೇ. ಕೊಕ್ಕೆ ಬಲ ಸೊಂಟದಿಂದ ಒಂದು ಅಂಗೈ ಅಗಲದಷ್ಟು ಕೆಳಗಿರಬೇಕು, ಕೈಬಿಟ್ಟು ನಿಂತರೆ ಬ್ಲೇಡು ನೆಲಕ್ಕೆ ಸಮನಾಗಿ ತೂಗಬೇಕು. ಆಗ ತೋಳಿಗೆ ತೂಗಿಸುವ ಕೆಲಸ ಮಾತ್ರ ಉಳಿಯುತ್ತದೆ, ಹೊರುವ ಕೆಲಸ ಇರುವುದಿಲ್ಲ. ಪಟ್ಟಿಯಿಲ್ಲದೆ ಕೈಯಲ್ಲೇ ಎತ್ತಿ ಹಿಡಿದವನಿಗೆ ಮಧ್ಯಾಹ್ನದ ಹೊತ್ತಿಗೆ ತೋಳು ಸೋತು, ಬ್ಲೇಡು ಒಮ್ಮೆ ಮಣ್ಣಿಗೆ, ಒಮ್ಮೆ ಮೊಣಕಾಲೆತ್ತರಕ್ಕೆ ಓಲಾಡತೊಡಗುತ್ತದೆ. ಪಟ್ಟಿ ಬಿಟ್ಟರೆ ಕೆಲಸ ಬೇಗ ಎಂಬ ಮಾತು ಬೆಳಗಿನ ಮೊದಲ ಟ್ಯಾಂಕಿಗೆ ಮಾತ್ರ ನಿಜ.

ಬ್ಲೇಡಿಗೆ ಕೈ ಹಾಕುವ ಮುನ್ನ ಇಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಬೇಕು. ಗೇರ್ ಹೆಡ್ಡಿನ ತೂತಿಗೆ ಪಿನ್ನು ತೂರಿಸಿ ಬ್ಲೇಡು ಅಲುಗದಂತೆ ಮಾಡಿಕೊಂಡ ಮೇಲೆ ನಟ್ಟು ಬಿಚ್ಚುವುದು. ಆ ನಟ್ಟು ಸಾಮಾನ್ಯವಾಗಿ ಎಡಮರೆಯದು, ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಎಡಕ್ಕೆ ಜಗ್ಗಿ ಜಗ್ಗಿ ಮರೆ ಕೆಡಿಸಿಕೊಂಡವರು, ಕೈ ಜಾರಿ ಬ್ಲೇಡಿಗೇ ಬೆರಳು ಕೊಟ್ಟವರು ಊರೂರಲ್ಲಿ ಇದ್ದಾರೆ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವವರಿಗೆ ನಾನು ಏನೂ ವಿವರಿಸಲು ಹೋಗುವುದಿಲ್ಲ. ಮೇಲೆ ಹೇಳಿದ 380 ಕಿ.ಮೀ. ವೇಗವನ್ನು ಇನ್ನೊಮ್ಮೆ ಓದಿಕೊಳ್ಳಲಿ. ಸಾಣೆ ಹಿಡಿಯುವಾಗ ಎಲ್ಲ ಹಲ್ಲುಗಳನ್ನೂ ಸಮವಾಗಿ ಹಿಡಿಯದಿದ್ದರೆ ಬ್ಲೇಡಿನ ತೂಕ ಒಂದು ಕಡೆಗೆ ವಾಲಿ ದಂಡವೆಲ್ಲ ನಡುಗುತ್ತದೆ. ಆ ನಡುಕ ಒಂದು ತುದಿಯಲ್ಲಿ ಗೇರಿನ ಬೇರಿಂಗನ್ನು ತಿನ್ನುತ್ತದೆ, ಇನ್ನೊಂದು ತುದಿಯಲ್ಲಿ ಹಿಡಿದವನ ಬೆರಳುಗಳಿಗೆ ಜೋಮು ಹಿಡಿಸುತ್ತದೆ. ಗೇರ್ ಹೆಡ್ಡಿಗೆ ಗ್ರೀಸು, ಏರ್ ಫಿಲ್ಟರಿಗೆ ಸ್ನಾನ, ಇವು ಕೈಪಿಡಿಯಲ್ಲಿ ಹೇಳಿದ ಗಂಟೆಗೆ ತಪ್ಪದೆ ಆದರೆ ಸಾಕು.

ಪೆಟ್ರೋಲಿನ ವಿಷಯದಲ್ಲಿ ಕಣ್ಣಂದಾಜು ಬೇಡ. ಟೂ ಸ್ಟ್ರೋಕ್ ಯಂತ್ರಕ್ಕೆ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಆಯಿಲ್, 25:1 ಎಂದಿದ್ದರೆ 40 ಮಿ.ಲೀ. ಕಡಿಮೆಯಾದರೆ ಪಿಸ್ಟನ್ ಸೀಜ್, ಜಾಸ್ತಿಯಾದರೆ ಪ್ಲಗ್ಗು, ಸೈಲೆನ್ಸರ್ ತುಂಬ ಕರಿ. ಫೋರ್ ಸ್ಟ್ರೋಕಿನದು ಬೇರೆಯೇ ಪದ್ಧತಿ, ಅದರ ಆಯಿಲ್ ಸಾಮಾನ್ಯವಾಗಿ ಪೆಟ್ರೋಲಿಗೆ ಬೆರೆಯುವುದಿಲ್ಲ, ಇಂಜಿನ್ನಿನ ಅಡಿಯಲ್ಲಿ ಪ್ರತ್ಯೇಕ ಇರುತ್ತದೆ. ಎರಡೂ ಬಗೆಯ ಯಂತ್ರಗಳಿರುವ ಮನೆಯಲ್ಲಿ ಕ್ಯಾನುಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿಡಬೇಕು. ಈಗ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ? ಹೆಚ್ಚು ದಿನ ಇಟ್ಟರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕಿಳಿಯುತ್ತವೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದಿಂದ ಹೀರುವ ಪೈಪು ಇಂಜಿನ್ನಿಗೆ ಆಯಿಲ್ ಇಲ್ಲದ ನೀರು ಕುಡಿಸುತ್ತದೆ. ಆಯಾ ವಾರಕ್ಕೆ ಬೇಕಾದಷ್ಟೇ ಬೆರೆಸಿ, ಸುತ್ತು ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿಡುವುದು ಕ್ಷೇಮ. ಕಾದ ಇಂಜಿನ್ನಿಗೆ ಪೆಟ್ರೋಲ್ ಸುರಿಯುವ ಅವಸರ ಮಾತ್ರ ಬೇಡವೇ ಬೇಡ; ಇಂಜಿನ್ ತಣಿಯುವ ಹೊತ್ತಿಗೆ ಒಂದು ಚಾ ಕುಡಿದು, ತುಂಬಿಸಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ.

ಇನ್ನೊಂದು ಆಕ್ಷೇಪ ಸೆಕೆಯದು. ಕರಾವಳಿಯ ಬೆವರಿನಲ್ಲಿ ಮುಖಕ್ಕೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡರೆ ಮಂಜು ಕಟ್ಟಿ ಏನೂ ಕಾಣದು ಎಂಬುದು ನಿಜ. ಅದಕ್ಕೆಂದೇ ತಂತಿ ಬಲೆಯ ಪರದೆ ಬರುತ್ತದೆ, ಗಾಳಿಯೂ ಆಡುತ್ತದೆ. ಪುಡಿ ತಡೆಯಲು ಒಳಗೊಂದು ಕನ್ನಡಕ ಇರಲಿ. ಇಂಬಳಕ್ಕೆ ಹೆದರಿ ಗಂಬೂಟು ಹಾಕುವವರು ಬ್ಲೇಡಿಗೆ ಹೆದರದಿರುವುದು ನನಗೆ ಯಾವಾಗಲೂ ಸೋಜಿಗ. ಕಿವಿಯದಂತೂ ಸದ್ದಿಲ್ಲದ ನಷ್ಟ. ಈ ಯಂತ್ರಗಳ ಸದ್ದು ಹಿಡಿದವನ ಕಿವಿಯಲ್ಲಿ 100 ಡೆಸಿಬಲ್ ಆಸುಪಾಸಿಗೆ ಹೋಗಬಲ್ಲದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಶ್‌ನ ಅಳತೆಯಂತೆ 85 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ತಡೆಯಬಹುದು, 100 ಆದರೆ ಬರೀ 15 ನಿಮಿಷ. ಹತ್ತಿ ಉಂಡೆ ಇದಕ್ಕೆ ಸಾಲದು.

‘ಯಂತ್ರ ಅವನದು, ಮೈಯೂ ಅವನದು, ನಾವು ಹೇಳಿದರೆ ಕೇಳುತ್ತಾನೆಯೇ?’ ಎಂದು ಯಂತ್ರ ಹೊತ್ತು ಕೂಲಿಗೆ ಬರುವವನ ಬಗ್ಗೆ ಹೇಳುವ ತೋಟದ ಯಜಮಾನರಿಗೆ ನನ್ನ ಉತ್ತರವಿಷ್ಟೇ: ಕೆಲಸದ ವೇಗ ನಿಗದಿ ಮಾಡುವುದು ಕೂಲಿ ಕೊಡುವ ಕೈ. ಕಲ್ಲು ತುಂಬಿದ ಇಳಿಜಾರನ್ನು ಗುತ್ತಿಗೆಗೆ ಕೊಟ್ಟು, ಬೇಗ ಮುಗಿಸಿದಷ್ಟೂ ಲಾಭ ಎಂಬಂತೆ ಮಾಡಿಟ್ಟು, ನಿಧಾನವಾಗಿ ಜೋಪಾನದಿಂದ ಮಾಡು ಎಂದರೆ ಯಾರು ಕೇಳುತ್ತಾರೆ? ಅಂಥ ಜಾಗಕ್ಕೆ ದಿನಗೂಲಿಯೇ ಸರಿ. ಸರ್ಕಾರದ ಪಾಲೂ ಇದೆ. ಕೃಷಿ ಯಾಂತ್ರೀಕರಣ ಯೋಜನೆಯಡಿ ಸಾಮಾನ್ಯ ವರ್ಗಕ್ಕೆ 50%, ಪರಿಶಿಷ್ಟರಿಗೆ 90% ಸಹಾಯಧನ ಕೊಟ್ಟು ಯಂತ್ರ ಹಂಚುವಾಗ ರೈತ ಸಂಪರ್ಕ ಕೇಂದ್ರದ ಅಂಗಳದಲ್ಲಿ ಒಂದು ಗಂಟೆ ಅದನ್ನು ಓಡಿಸಿ ತೋರಿಸಿದರೆ ಸಹಾಯಧನ ಸಾರ್ಥಕವಾದೀತು. ಅಲ್ಲಿಯವರೆಗೆ ನೀವೇ ಒಂದು ಪರೀಕ್ಷೆ ಮಾಡಿ. ನಿಮ್ಮ ತೋಟಕ್ಕೆ ಯಂತ್ರ ಬಂದ ಬೆಳಿಗ್ಗೆ ಸ್ಟಾರ್ಟ್ ಮಾಡಿಸಿ, ಆಕ್ಸಿಲರೇಟರ್ ಬಿಡಿಸಿ, ಬ್ಲೇಡನ್ನು ದೂರದಿಂದಲೇ ನೋಡಿ. ಐಡಲ್‌ನಲ್ಲಿ ಬ್ಲೇಡು ಪೂರ್ತಿ ನಿಂತಿರಬೇಕು. ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಸ್ವಲ್ಪ ಇಳಿಸಲಿ. ಆಗಲೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ಸೋತಿರಬಹುದು. ಅಂಥ ಯಂತ್ರವನ್ನು ತೋಟಕ್ಕೆ ಇಳಿಸಬೇಡಿ. ಬಂದವನಿಗೆ ಆ ದಿನದ ಕೂಲಿ ಕೊಟ್ಟು ರಿಪೇರಿಗೆ ಕಳಿಸಿ, ಹುಲ್ಲು ನಾಳೆ ಸವರಿದರಾಯಿತು.